ಉಪ್ಪು ನೋಡುವವಳು

ನಮ್ಮ ಕಡೆ ಉಪ್ಪನ್ನು ನೋಡುತ್ತಾರೆ. 'ಸಾರಿಗೆ ಉಪ್ಪು ನೋಡೆ' ಎಂದು ಕರೆದರೆ ಸಾಕು, ಕರೆಸಿಕೊಂಡವಳು ಒಲೆಯ ಹತ್ತಿರ ಬಂದು ಅಂಗೈಯನ್ನು ಗುಳಿ ಮಾಡಿ ಹಿಡಿಯುತ್ತಾಳೆ, ಸೌಟಿನಿಂದ ಒಂದು ಹನಿ ಬೀಳುತ್ತದೆ, ಅವಳು ನೆಕ್ಕಿ ಹೇಳುತ್ತಾಳೆ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಅಕ್ಕ ಉಪ್ಪು ಹಾಕುತ್ತಿದ್ದಳು, ನಾನು ನೋಡುತ್ತಿದ್ದೆ.

ಇದು ಶುರುವಾದದ್ದು ತವರಿನಲ್ಲಿ, ಮಂಡಗದ್ದೆಯಿಂದ ಸ್ವಲ್ಪ ಒಳಗಿನ ಊರಿನಲ್ಲಿ. ಹಿರಿಯರಿಗೆ ಎಡೆ ಇಡುವ ದಿನ ಅಡುಗೆ ಮಾಡುವವರು ಬಾಯಿಗೆ ಏನೂ ಹಾಕುವಂತಿಲ್ಲ, ಎಡೆ ಎಂಜಲಾಗುತ್ತದೆ. ಅಮ್ಮನ ಉಪ್ಪಿನ ಅಂದಾಜು ಯಾವಾಗಲೂ ಹೆಚ್ಚೋ ಕಡಿಮೆಯೋ ಆಗುತ್ತಿತ್ತು. ಅದಕ್ಕೆ ಅವಳೇ ಒಂದು ಕಾನೂನು ಮಾಡಿಕೊಂಡಿದ್ದಳು, ಹಾಲುಹಲ್ಲು ಬೀಳದ ಮಕ್ಕಳ ನಾಲಿಗೆಗೆ ಎಂಜಲಿಲ್ಲ ಅಂತ. ಮನೆಯಲ್ಲಿ ಚಿಕ್ಕವಳು ನಾನು. ಹೊಸ್ತಿಲ ಮೇಲೆ ಕೂತು ಅಂಗೈ ಚಾಚುತ್ತಿದ್ದೆ. ನನ್ನ ಹಾಲುಹಲ್ಲೆಲ್ಲ ಬಿದ್ದವು, ಕಾನೂನು ಮಾತ್ರ ಬೀಳಲಿಲ್ಲ. 'ಇವ್ಳಿಗೆ ಹಾಲುಹಲ್ಲು ಇನ್ನೂ ಬಿದ್ದಿಲ್ಲ ಅಮ್ಮ, ಮದುವೆ ಮಾಡೋದು ಹೆಂಗೆ?' ಎಂದು ಅಕ್ಕ ಛೇಡಿಸುತ್ತಿದ್ದಳು.

ಮದುವೆಯೂ ಆಯಿತು, ಅದೂ ಅವಳ ಮನೆಗೇ. ಹೊಸನಗರ ದಾಟಿ ನಗರವೆಂಬ ಊರಿನ ಕಡೆ ಹೋಗುವ ದಾರಿಯ ಒಂದು ಹಳ್ಳಿಗೆ ಅಕ್ಕನನ್ನು ಕೊಟ್ಟಿದ್ದರು. ಕೆಲವು ವರ್ಷದ ಮೇಲೆ ಆ ಮನೆಯ ಕಿರಿಯ ಮಗನಿಗೆ ನನ್ನನ್ನು ಕೇಳಿದರು. ಹಾಗಾಗಿ ಅಕ್ಕ ನನಗೆ ಓರಗಿತ್ತಿಯೂ ಆದಳು. ಅಕ್ಕನ ಗಂಡ ನನಗೆ ಎರಡು ಕಡೆಯಿಂದಲೂ ಭಾವ. ಅಕ್ಕನ ಕಡೆಯಿಂದ ನೋಡಿದರೆ ತಮಾಷೆ ಮಾಡಬಹುದಾದ ಭಾವ, ಗಂಡನ ಕಡೆಯಿಂದ ನೋಡಿದರೆ ತಲೆ ತಗ್ಗಿಸಬೇಕಾದ ಭಾವ. ಅವರು ತಮಾಷೆಯ ಕಡೆಯನ್ನೇ ಆರಿಸಿಕೊಂಡಿದ್ದರು. ನಾನು ಬಂದ ವಾರದಲ್ಲೇ, 'ಒಂದು ತಗೊಂಡ್ರೆ ಇನ್ನೊಂದು ಫ್ರೀ ಅಂತ ಮಾವ ಮೊದ್ಲೇ ಹೇಳಿದ್ರೆ ಇನ್ನೂ ಜೋರಾಗಿ ಮದುವೆ ಮಾಡ್ಕೋತಿದ್ದೆ' ಎಂದಿದ್ದರು.

ನಮ್ಮ ಅತ್ತೆಗೆ ಒಂದು ಪದ್ಧತಿ. ದೀಪ ಹಚ್ಚಿದ ಮೇಲೆ ಉಪ್ಪನ್ನು ಉಪ್ಪು ಎನ್ನಬಾರದು, ಲಕ್ಷ್ಮಿ ಮುನಿಯುತ್ತಾಳೆ. 'ರುಚಿ' ಎನ್ನಬೇಕು. ಅಕ್ಕನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹೊಸ ಮದುಮಗಳಾಗಿ ಬಂದ ದಿನ ಅತ್ತೆ ಊಟಕ್ಕೆ ಕೂತವರು 'ಸ್ವಲ್ಪ ರುಚಿ ತಾರೆ' ಎಂದರಂತೆ. ಅಕ್ಕ ಒಳಗೆಲ್ಲ ಹುಡುಕಿ ಬೆಲ್ಲದ ಡಬ್ಬಿ ತಂದಿಟ್ಟಳಂತೆ. ಮೊದಲನೆಯ ದಿನವೇ ಸೊಸೆ ಸಾರಿಗೆ ಬೆಲ್ಲ ಹಾಕಿಸಿದಳು ಎಂದು ಅತ್ತೆ ಸಿಕ್ಕಿದವರಿಗೆಲ್ಲ ಹೇಳಿ ನಗುತ್ತಿದ್ದರು.

ನನ್ನ ಮಗಳು ಮದುವೆಯಾಗಿ ತೀರ್ಥಹಳ್ಳಿಗೆ ಹೋದಳು. ಅಕ್ಕನಿಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಉಳಿದವರು ಅತ್ತೆ, ಭಾವ, ಅಕ್ಕ, ನನ್ನ ಗಂಡ, ನಾನು. ಊರಿನ ಶಾಲೆಗೆ ಬಿಸಿಯೂಟದ ಅಡುಗೆಯವರು ಬೇಕಾದಾಗ ಅಕ್ಕ ಮೊದಲು ಸೇರಿದಳು, ಆಮೇಲೆ ನನ್ನನ್ನೂ ಎಳೆದುಕೊಂಡಳು. ಅಕ್ಕ ಮುಖ್ಯ ಅಡುಗೆಯವಳು, ನಾನು ಸಹಾಯಕಿ. ಆ ದೊಡ್ಡ ಪಾತ್ರೆಗೆ ಅವಳು ಚಮಚ ಹಿಡಿದು ಉಪ್ಪು ಹಾಕಿದ್ದನ್ನು ನಾನು ನೋಡಿಲ್ಲ. ಮುಷ್ಟಿಯಲ್ಲಿ ತೆಗೆದು ಪಾತ್ರೆಯ ಅಂಚಿನ ಉದ್ದಕ್ಕೂ ಸುತ್ತಿಸಿ ಬಿಡುತ್ತಿದ್ದಳು. ನಡುವಿಗೆ ಹಾಕುತ್ತಿರಲಿಲ್ಲ. ಏಕೆಂದು ಕೇಳಿದರೆ, 'ನಡುವಿಗೆ ಹಾಕಿದ್ರೆ ಮಕ್ಳು ಜಗಳಾಡ್ತಾವೆ' ಎನ್ನುತ್ತಿದ್ದಳು. ಅದು ಎಲ್ಲಿಯ ಶಾಸ್ತ್ರವೋ. ಹಾಕಿ ಆದ ಮೇಲೆ ಕೂಗುತ್ತಿದ್ದಳು, 'ಎಲ್ಲಿ ಹೋತು ನನ್ನ ನಾಲಿಗೆ? ಬಾರೆ ನಾಲಿಗೆ!'

ಅವಳು ನನ್ನನ್ನು ಕರೆಯುತ್ತಿದ್ದುದೇ ಹಾಗೆ. ಮಕ್ಕಳಿಗೆ ಬಡಿಸುವ ಮೊದಲು ಶಾಲೆಯವರು ಒಬ್ಬರು ಉಂಡು ನೋಡಬೇಕೆಂಬ ನಿಯಮವಿದೆ. ಹೆಡ್ ಮೇಡಂ ಒಂದು ತಟ್ಟೆಯಲ್ಲಿ ಸ್ವಲ್ಪ ಹಾಕಿಸಿಕೊಂಡು ಉಂಡು 'ಹದವಾಗಿದೆ' ಎನ್ನುತ್ತಿದ್ದರು. ಅವರು ಆ ಕಡೆ ತಿರುಗಿದ ಮೇಲೆ ಅಕ್ಕ ಪಿಸುಗುಟ್ಟುತ್ತಿದ್ದಳು. 'ನನ್ನ ನಾಲಿಗೆ ಪಾಸು ಮಾಡಿದ್ಮೇಲೆ ಮೇಡಂ ಎಂತ ಫೇಲು ಮಾಡೋದು?'

ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋಗಿ ಬಂದು ಮಾಡಿದೆವು. ಅಲ್ಲಿ ಕೊಟ್ಟ ಔಷಧಿಯಿಂದ ಅವಳ ಬಾಯಿರುಚಿ ಹೊರಟುಹೋಯಿತು. ಏನು ಬಾಯಿಗಿಟ್ಟರೂ ಕತ್ತಿ ನೆಕ್ಕಿದ ಹಾಗೆ ಆಗುತ್ತದೆ ಎನ್ನುತ್ತಿದ್ದಳು. ಗಂಜಿಯ ಬಟ್ಟಲು, ನಂಚಿಕೊಳ್ಳಲು ಮಾವಿನಮಿಡಿ ಉಪ್ಪಿನಕಾಯಿ ಹಿಡಿದುಕೊಂಡು ನಾನು ಅವಳ ಹಾಸಿಗೆಯ ಪಕ್ಕ ಕೂರುತ್ತಿದ್ದೆ. ಆಗಲೂ ಅದೇ ಮಾತು.

'ಉಪ್ಪು ನೋಡೆ.'

'ನೋಡ್ದೆ ಅಕ್ಕ.'

'ಹೆಂಗಿದೆ?'

'ಹದವಾಗಿದೆ.'

'ಮೇಡಂ ಹೇಳ್ದಂಗೆ ಹೇಳ್ಬೇಡ. ಸರಿಯಾಗಿ ಹೇಳು. ಮಿಡಿ ಯಾವ್ದು?'

'ಹಳೇ ಅಪ್ಪೆಮಿಡಿ. ಮೇಲೆ ಸುಕ್ಕಾಗಿದೆ, ಒಳಗೆ ಇನ್ನೂ ಗಟ್ಟಿ ಇದೆ. ತೊಟ್ಟಿನ ಹತ್ರ ಪರಿಮಳ. ಕಚ್ಚಿದ ಕೂಡ್ಲೇ ಉಪ್ಪು ಬರತ್ತೆ, ಆಮೇಲೆ ಹುಳಿ, ಖಾರ ಕೊನೆಗೆ. ಗಂಜಿ ಸ್ವಲ್ಪ ತಳ ಹಿಡಿದಿತ್ತು, ಅದ್ರ ಘಮ ಇದೆ.'

ಅವಳು ಕಣ್ಣು ಮುಚ್ಚಿಕೊಂಡು ಒಂದು ಗುಟುಕು ನುಂಗುತ್ತಿದ್ದಳು. 'ಹೂಂ. ಈಗ ಬಂತು' ಎನ್ನುತ್ತಿದ್ದಳು.

ನನ್ನ ಬಾಯಲ್ಲಿ ಇದ್ದ ರುಚಿ ಮಾತಿನಲ್ಲಿ ದಾಟಿ ಅವಳ ಬಾಯಿಗೆ ಹೋಗುತ್ತಿತ್ತೆ? ಹೋಗುತ್ತಿತ್ತೆಂದೇ ನನಗೆ ಅನಿಸುತ್ತದೆ. ಅವಳ ಮುಖದಲ್ಲಿ ಅದು ಕಾಣುತ್ತಿತ್ತು. ಕೊನೆಯ ತಿಂಗಳುಗಳಲ್ಲಿ ಅವಳು ಉಂಡ ಸ್ವಲ್ಪವನ್ನು ಹಾಗೆಯೇ ಉಂಡಳು. ಆಮೇಲೆ ಅದನ್ನೂ ಬಿಟ್ಟಳು. ಆಮೇಲೆ ಹೋದಳು.

ಸೂತಕ ಕಳೆದು ಕೊನೆಯ ದಿನದ ಊಟಕ್ಕೆ ನೆಂಟರೆಲ್ಲ ಬಂದಿದ್ದರು. ಅಕ್ಕನಿಗೆ ಇಷ್ಟವೆಂದು ಹಾಲುಪಾಯಸ, ಕೆಸುವಿನ ಪತ್ರೊಡೆ ಮಾಡಿದ್ದರು. ಎಲ್ಲರೂ ಚೆನ್ನಾಗಿದೆ ಎಂದು ಮೆಲ್ಲಗೆ ಹೇಳುತ್ತಿದ್ದರು. ನನ್ನ ಬಾಯಲ್ಲಿ ಪಾಯಸವೂ ಪತ್ರೊಡೆಯೂ ಒಂದೇ ಆಗಿತ್ತು, ನೆನೆದ ಕಾಗದದ ಹಾಗೆ. ಅಳುತ್ತಾ ಉಂಡರೆ ಹಾಗೆಯೇ ಆಗುವುದು ಎಂದುಕೊಂಡೆ. ಆದರೆ ನಾನು ಅಳುತ್ತಿರಲಿಲ್ಲ. ನೆಂಟರೆಲ್ಲ ಹೋದ ಮೇಲೂ ಅದು ಹಾಗೆಯೇ ಉಳಿಯಿತು.

ಆಮೇಲಿನ ತಿಂಗಳುಗಳ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಏಕೆಂದರೆ ಅವುಗಳಲ್ಲಿ ಏನೂ ಇರಲಿಲ್ಲ. ಬೆಳಿಗ್ಗೆ ಎಚ್ಚರವಾದರೆ ಏಳಲು ಆಗುತ್ತಿರಲಿಲ್ಲ. ಎದ್ದರೆ ತಲೆ ಬಾಚಲು ಆಗುತ್ತಿರಲಿಲ್ಲ. ಬಾಚಣಿಗೆ ಕೈಯಲ್ಲಿ ಹಿಡಿದು ಅಂಗಳದ ಬಿಸಿಲನ್ನು ನೋಡುತ್ತಾ ಕೂತಿರುತ್ತಿದ್ದೆ, ಬಿಸಿಲು ತುಳಸಿಕಟ್ಟೆಯನ್ನು ದಾಟಿ ಕೊಟ್ಟಿಗೆಯ ಕಡೆ ಹೋದದ್ದು ಗೊತ್ತಾಗುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಅವರ ಮಾತು ಗದ್ದೆಯ ಆಚೆ ದಡದಿಂದ ಬಂದಂತೆ ಕೇಳುತ್ತಿತ್ತು. ಮಗಳು ಫೋನು ಮಾಡಿದರೆ ಹೂಂ ಎನ್ನುತ್ತಿದ್ದೆ. ದುಃಖ ಇತ್ತೆ ಎಂದು ಕೇಳಿದರೆ ಇರಲಿಲ್ಲ ಎನ್ನಬೇಕು. ದುಃಖವಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಶಾಲೆಗೆ ಮಾತ್ರ ಹೋಗುತ್ತಿದ್ದೆ. ಅಕ್ಕನ ಜಾಗ ನನಗೆ ಬಂದಿತ್ತು. ನನ್ನ ಜಾಗಕ್ಕೆ ಪಕ್ಕದ ಕೇರಿಯ ಒಬ್ಬಳು ಬಂದಿದ್ದಳು, ಮಾತಿನ ಮಲ್ಲಿ. ನಾನೇ ಉಪ್ಪು ಹಾಕಿ, ನಾನೇ ಅಂಗೈಗೆ ಹನಿ ಬಿಟ್ಟು ನೆಕ್ಕುತ್ತಿದ್ದೆ. ಏನೂ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ಮುಷ್ಟಿ ಹಾಕುತ್ತಿದ್ದೆ. ಮೇಡಂ ಅವಸರದಲ್ಲಿ ಉಂಡು ನೋಡುವುದನ್ನು ಬಿಟ್ಟ ಒಂದು ದಿನ, ಮಕ್ಕಳು ಎರಡು ತುತ್ತು ಉಂಡು ನೀರಿನ ನಲ್ಲಿಗೆ ಓಡಿದರು.

'ಎಂತದೇ ಇದು? ಸಮುದ್ರಾನೇ ಬಗ್ಸಿದೀಯಲ್ಲೇ ಮಾರಾಯ್ತಿ!' ಎಂದಳು ಜೊತೆಯವಳು. ನಗಿಸಲಿಕ್ಕೇ ಹೇಳಿದ್ದು. ನನಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಮೇಡಂ ಬೈಯಲಿಲ್ಲ. ಒಂದಷ್ಟು ದಿನ ಅವಳೇ ಉಪ್ಪು ನೋಡಲಿ ಎಂದರು. ನಾನು ತಲೆಯಾಡಿಸಿದೆ. ಅವಳು ಅಂಗೈ ಚಾಚಿ ಹನಿ ನೆಕ್ಕುವುದನ್ನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ನನ್ನ ಜಾಗ ಹೋದದ್ದಕ್ಕೆ ಬೇಜಾರಾಗಬೇಕಿತ್ತು. ಅದೂ ಆಗಲಿಲ್ಲ. ಆಗ ಒಂದು ಭಯ ಹುಟ್ಟಿತು. ಅಕ್ಕನ ಕೈ ಮಣ್ಣಾಯಿತು. ಅವಳು ನನ್ನಲ್ಲಿ ಬಿಟ್ಟು ಹೋದದ್ದು ಈ ನಾಲಿಗೆ ಒಂದೇ. ಇದೂ ಹೋದರೆ? ಅದು ಮತ್ತೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಒಂದೇ ಆ ದಿನಗಳಲ್ಲಿ ನನ್ನೊಳಗೆ ಉಸಿರಾಡುತ್ತಿತ್ತು.

ಮನೆಯಲ್ಲಿ ಕೇಳಿದರು. ಬಾಯಿ ಸಪ್ಪೆ ಎಂದೆ. ನಮ್ಮ ಕಡೆ ಬಾಯಿ ಸಪ್ಪೆ ಎಂದರೆ ಕಾಮಾಲೆ ಎಂದೇ ಲೆಕ್ಕ. ಅತ್ತೆ ನನ್ನ ಕೆಳರೆಪ್ಪೆ ಜಗ್ಗಿ ನೋಡಿದರು, 'ಹಳದಿ ಇದ್ದಂಗೆ ಇದೆ' ಎಂದರು. ಭಾವ ನೋಡಿ 'ಇಲ್ಲ' ಎಂದರು. ನನ್ನ ಗಂಡ ನೋಡಿ 'ಬಿಸ್ಲಿಗೆ ಬಾ' ಎಂದರು. ಬಿಸಿಲಿನಲ್ಲಿ ಎಲ್ಲವೂ ಸ್ವಲ್ಪ ಹಳದಿಯಾಗಿಯೇ ಕಂಡಿತು. ನಗರದ ಆಚೆ ಕಾಮಾಲೆಗೆ ಸೊಪ್ಪಿನ ಮದ್ದು ಕೊಡುವ ಅಜ್ಜರೊಬ್ಬರಿದ್ದಾರೆ. ಅಲ್ಲಿಗೆ ಹೋದೆವು. ಅವರೂ ನೋಡಿದರು. 'ನಂಗೆ ಕಾಮಾಲೆ ಕಾಣ್ತಾ ಇಲ್ಲ. ಬಂದಿದೀರಿ ಅಂತ ಕೊಡ್ತೀನಿ, ಕೆಟ್ಟದೇನೂ ಆಗಲ್ಲ. ಆಸ್ಪತ್ರೆಗೂ ತೋರ್ಸಿ' ಎಂದರು. ಮದ್ದು ಕೊಟ್ಟ ಮೇಲೆ ಪಥ್ಯ ಹೇಳಲೇಬೇಕು. ಎಣ್ಣೆ, ಖಾರ, ಉಪ್ಪು ಬಿಡಬೇಕು ಎಂದರು.

ಸಪ್ಪೆಯಾದವಳಿಗೆ ಸಪ್ಪೆಯ ಪಥ್ಯ. ಈಗ ಅದನ್ನು ನೆನೆದರೆ ನಗು ಬರುತ್ತದೆ. ಆದರೆ ಆಗ ನನಗೆ ಅದು ಒಂದು ಕೋಣೆಯ ಹಾಗೆ ಸಿಕ್ಕಿತು. ಪಥ್ಯದಲ್ಲಿರುವವರನ್ನು ನಮ್ಮ ಕಡೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕೂಡ 'ಪಥ್ಯ' ಎಂದರೆ ಬಡಿಸುವವರು ಸುಮ್ಮನೆ ಮುಂದಿನ ಎಲೆಗೆ ಹೋಗುತ್ತಾರೆ. ನಾನು ಯಾಕೆ ಉಣ್ಣುವುದಿಲ್ಲ, ಯಾಕೆ ಮಾತಾಡುವುದಿಲ್ಲ, ಯಾಕೆ ಮದುವೆ ಮುಂಜಿಗೆ ಬರುವುದಿಲ್ಲ ಎಂಬುದಕ್ಕೆಲ್ಲ ಒಂದೇ ಉತ್ತರ ಸಿಕ್ಕಿತು. ಮೂಲೆಯಲ್ಲಿ ಬೇರೆ ತಟ್ಟೆ ಇಟ್ಟುಕೊಂಡು ಒಬ್ಬಳೇ ಉಣ್ಣುತ್ತಿದ್ದೆ. ಪಥ್ಯ ಬಿಡುವ ದಿನ ತಲೆಗೆ ಎಣ್ಣೆ ಹಚ್ಚಿ ಮಿಂದು, ಉಪ್ಪು ಹಾಕಿದ ಅನ್ನ ಉಣ್ಣಬೇಕು. ಆ ದಿನ ಬಂತು. 'ಇನ್ನೊಂದಿಷ್ಟು ದಿನ ಇರ್ಲಿ ಅತ್ತೆ' ಎಂದೆ. ಮತ್ತೆ ಕೇಳಿದಾಗ ಮತ್ತೆ ಹಾಗೆಯೇ ಎಂದೆ. ತಿಂಗಳು ಕಳೆದವು.

ಕೊನೆಗೆ ಹೆಡ್ ಮೇಡಂ ಒಂದು ಮಧ್ಯಾಹ್ನ ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಬಂದು ನಿಂತರು. 'ನನ್ನ ತಾಯಿಗೂ ಹೀಗೇ ಆಗಿತ್ತು. ಸಾಗರದ ಆಸ್ಪತ್ರೆಗೆ ವಾರಕ್ಕೊಂದು ದಿನ ಮನಸ್ಸಿನ ಡಾಕ್ಟ್ರು ಬರ್ತಾರೆ. ಹೋಗಿ ಬನ್ನಿ, ರಜಾ ನಾನು ನೋಡ್ಕೋತೀನಿ' ಎಂದರು.

ಮನಸ್ಸಿನ ಡಾಕ್ಟರು ಎಂದರೆ ಊರಿನವರು ಏನು ತಿಳಿದುಕೊಳ್ಳುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ. ಬಸ್ಸಿನಲ್ಲಿ ಗುರುತಿನವರು 'ಎತ್ಲಾಗೆ ಹೊರಟ್ರಿ?' ಎಂದು ಕೇಳಿದಾಗ ನನ್ನ ಗಂಡ ತಡವರಿಸಿ 'ಹಲ್ಲಿಗೆ' ಎಂದುಬಿಟ್ಟರು. ಅದು ಊರೆಲ್ಲ ಹರಡಿತು. ಆಮೇಲೆ ತಿಂಗಳುಗಟ್ಟಲೆ ಸಿಕ್ಕಿದವರೆಲ್ಲ ನನ್ನ ಹಲ್ಲು ವಿಚಾರಿಸಿದ್ದಾರೆ. 'ಕಿತ್ರಾ?' 'ಬೇರು ಉಳೀಲಿಲ್ಲ ಅಲ್ದಾ?' 'ಲವಂಗ ಇಟ್ಕೊಳೆ, ಲವಂಗ.'

ಡಾಕ್ಟರು ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬೇಕು. ಗಂಡನೂ ಪಕ್ಕದಲ್ಲೇ ಕೂತಿದ್ದರು.

'ಏನಾಗ್ತಿದೆ ಅಮ್ಮ?'

'ಸಪ್ಪೆ ಮೇಡಂ.'

'ಊಟ ಸಪ್ಪೆನಾ, ನೀವು ಸಪ್ಪೆನಾ?'

ನಾನು ತಲೆಯೆತ್ತಿ ನೋಡಿದೆ. ಅಷ್ಟು ತಿಂಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಯಾರಾದರೂ ಮುಖ ಬಾಡಿಸಿ ಕೂತಿದ್ದರೆ 'ಯಾಕೆ ಸಪ್ಪಗಿದೀಯ' ಎಂದು ನಾವೇ ಕೇಳುತ್ತೇವೆ. ಉಪ್ಪಿಲ್ಲದ ಸಾರಿಗೂ ಅದೇ ಮಾತು, ಉಲ್ಲಾಸವಿಲ್ಲದ ಮನುಷ್ಯರಿಗೂ ಅದೇ ಮಾತು. ಹುಟ್ಟಿದಾಗಿನಿಂದ ಆಡಿದ ಮಾತು ಅದು. ನನಗೆ ಏನಾಗಿದೆ ಎಂಬುದು ನನ್ನ ಬಾಯಲ್ಲೇ ಇತ್ತು, ನಾನೇ ಹೇಳುತ್ತಿದ್ದೆ, ನನಗೇ ಕೇಳಿಸಿರಲಿಲ್ಲ. ಯಾವ ಕಾಲದ ಯಾವ ಅಜ್ಜಿ ಮೊದಲ ಸಲ ಸಾರಿನ ಮಾತನ್ನು ತೆಗೆದು ಮನುಷ್ಯರ ಮುಖಕ್ಕೆ ಅಂಟಿಸಿದಳೋ! ಅವಳಿಗೆ ಹೀಗೆ ಆಗಿದ್ದಿರಬೇಕು. ಆಗದೆ ಅಷ್ಟು ಸರಿಯಾಗಿ ಗೊತ್ತಾಗುವುದಿಲ್ಲ.

'ನಾನು' ಎಂದೆ.

ಅವರು ಸಾವಕಾಶವಾಗಿ ಎಲ್ಲ ಕೇಳಿದರು. ನಿದ್ದೆ, ಊಟ, ಅಕ್ಕ. ಸಾಯಬೇಕು ಅನಿಸುತ್ತದೆಯೇ ಎಂದೂ ನೇರವಾಗಿ ಕೇಳಿದರು. 'ಹಂಗೇನಿಲ್ಲ. ಆದ್ರೆ ಬೆಳಿಗ್ಗೆ ಕಣ್ಣು ಬಿಟ್ಟಾಗ, ಅಯ್ಯೋ ಮತ್ತೆ ಎಚ್ಚರ ಆತಲ್ಲ ಅನ್ಸತ್ತೆ' ಎಂದೆ. ಕೈಚೀಲದ ಹಿಡಿಕೆಯನ್ನು ತಿರುಚುತ್ತಿದ್ದ ನನ್ನ ಗಂಡನ ಕೈ ಅಲ್ಲಿಗೇ ನಿಂತಿತು.

ಇದು ಖಿನ್ನತೆ ಎಂಬ ಕಾಯಿಲೆ, ಅಕ್ಕ ಹೋದ ದುಃಖದ ಜೊತೆಗೆ ಸೇರಿಕೊಂಡು ಬಂದಿದೆ, ವಾಸಿಯಾಗುತ್ತದೆ ಎಂದರು. ಮಾತ್ರೆ ಬರೆದುಕೊಟ್ಟರು. ಒಂದೆರಡು ವಾರ ಏನೂ ಗೊತ್ತಾಗುವುದಿಲ್ಲ, ಬಾಯಿ ಒಣಗಬಹುದು, ಹೆದರಬೇಡಿ, ಸರಿಹೋಯಿತೆಂದು ನೀವಾಗಿಯೇ ನಿಲ್ಲಿಸಬೇಡಿ, ಸಾಯುವ ಯೋಚನೆ ಬಂದರೆ ಕಾಯದೆ ಆ ಕೂಡಲೇ ಬನ್ನಿ ಎಂದರು. ನನ್ನ ಗಂಡ ಮುಂದೆ ಬಾಗಿ ಕೇಳಿದರು.

'ಪಥ್ಯ ಎಂತ ಮೇಡಂ?'

'ಪಥ್ಯ ಏನೂ ಇಲ್ಲ.'

'ಉಪ್ಪು?'

'ಉಪ್ಪು ಯಾಕೆ ಬಿಡ್ಬೇಕು?' ಡಾಕ್ಟರಿಗೆ ಅರ್ಥವಾಗಲಿಲ್ಲ. ನಾವು ಹೇಳಿದೆವು. ಅವರು ಬಿ.ಪಿ. ನೋಡಿ, 'ಸರಿಯಾಗಿದೆ. ಉಪ್ಪು ತಿನ್ನಿ ಅಮ್ಮ. ಎಲ್ಲರ ಜೊತೆ ಕೂತು ತಿನ್ನಿ' ಎಂದರು.

ವಾಪಸು ಬರುವಾಗ ಆನಂದಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್ಸಿಗೆ ಹೊತ್ತಿತ್ತು, ಅಂಗಡಿಯ ಜಗಲಿಯಲ್ಲಿ ಕೂತೆವು. ನನ್ನ ಗಂಡ ಹೆಚ್ಚು ಮಾತಿನವರಲ್ಲ. ರಸ್ತೆ ನೋಡುತ್ತಾ ಕೂತವರು ಇದ್ದಕ್ಕಿದ್ದಂತೆ ಕೇಳಿದರು. 'ಬೆಳಿಗ್ಗೆ ಎಚ್ಚರ ಆದ್ರೆ ಅಯ್ಯೋ ಅನ್ಸತ್ತೆ ಅಂದ್ಯಲ್ಲ.'

'ಹೂಂ.'

'ಹಂಗಾದಾಗ ನನ್ನನ್ನೂ ಎಬ್ಸು. ಇಬ್ರೂ ಅಯ್ಯೋ ಅನ್ನಣ.'

ಮಾರನೆಯ ಬೆಳಿಗ್ಗೆ ಅವರನ್ನು ಅಲುಗಿಸಿ ಎಬ್ಬಿಸಿದೆ. 'ಅಯ್ಯೋ' ಎಂದು ಎದ್ದು ಕೂತರು. ಅಂದಿನಿಂದ ಅದೇ ರೂಢಿಯಾಯಿತು.

ಪಥ್ಯವಿಲ್ಲದ ಮದ್ದನ್ನು ಅತ್ತೆ ನಂಬಲಿಲ್ಲ. 'ಪಥ್ಯ ಇಲ್ದಿದ್ ಮದ್ದು ಎಂತ ಮದ್ದೇ? ಹೊಳೆಗೆ ಹಾಕ್ದಂಗೆ' ಎಂದರು. ಹಾಳೆ ಸುತ್ತಿದ ಆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. 'ಅಕ್ಕಿನುಚ್ಚಿನಷ್ಟಿದೆ. ಇದು ಹೋಗಿ ಎಲ್ಲಿ ಅಂತ ಹುಡುಕತ್ತೆ?' ಆಮೇಲೆ ಸ್ವಲ್ಪ ಯೋಚಿಸಿ ತಾವೇ ತೀರ್ಪು ಕೊಟ್ಟರು. 'ಎಲ್ಲರ ಜೊತೆ ಉಣ್ಣಕೆ ಹೇಳಿದಾರಲ್ಲ, ಅದೇ ಪಥ್ಯ. ಒಬ್ಳೇ ಉಂಡ್ರೆ ಮದ್ದು ಹತ್ತಲ್ಲ. ತಿಳೀತಾ?'

ಪಥ್ಯವೆಂದ ಮೇಲೆ ಮೀರುವಂತಿಲ್ಲ. ಮೂಲೆಯ ನನ್ನ ತಟ್ಟೆ ಹೋಯಿತು. ಸಂಜೆ ನಾಲ್ವರೂ ಸಾಲಾಗಿ ಕೂತು ಉಣ್ಣತೊಡಗಿದೆವು. ಅಕ್ಕನ ಮಣೆಯನ್ನು ಗೋಡೆಗೆ ಒರಗಿಸಿ ಇಟ್ಟಿದ್ದೆವು. ಭಾವ ಉಣ್ಣುವಾಗ ಅದರ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆಯೂ ನೋಡುತ್ತಿರಲಿಲ್ಲ. ಅವರು ನನ್ನೊಡನೆ ತಮಾಷೆ ಬಿಟ್ಟು ಬಹಳ ಕಾಲವಾಗಿತ್ತು. ಅಕ್ಕ ಹೋದ ಮೇಲೆ ಅವರು ಗಂಡನ ಅಣ್ಣ ಮಾತ್ರ ಆಗಿ ಉಳಿದಿದ್ದರು. ನೀರು ಬೇಕಿದ್ದರೂ ಅತ್ತೆಯ ಮೂಲಕ ಕೇಳುತ್ತಿದ್ದರು.

ಮಾತ್ರೆಯಿಂದ ಮೊದಲು ಬಾಯಿ ಒಣಗಿತು, ಹಗಲೂ ನಿದ್ದೆ ಬಂತು. ಬಿಟ್ಟುಬಿಡೋಣ ಎನಿಸಿತ್ತು. ಮಗಳು ತೀರ್ಥಹಳ್ಳಿಯಿಂದ ದಿನಾ ಫೋನು ಮಾಡಿ 'ತಗೊಂಡ್ಯಾ?' ಎಂದಷ್ಟೇ ಕೇಳಿ ಇಡುತ್ತಿದ್ದಳು. ತಗೊಂಡೆ. ಮತ್ತೆ ಸಾಗರಕ್ಕೆ ಹೋದೆ, ಮಾತಾಡಿ ಬಂದೆ. ಒಂದು ಬೆಳಿಗ್ಗೆ ತಲೆ ಬಾಚಿ ಮುಗಿದ ಮೇಲೆ, ಬಾಚಿದ್ದೇನೆ ಎಂದು ಗೊತ್ತಾಯಿತು. ಇಂಥ ಸಣ್ಣ ಸಣ್ಣವು ಮರಳಿ ಬಂದವು, ನಾಲಿಗೆ ಮಾತ್ರ ಹಾಗೇ ಇತ್ತು.

ಅದು ಬಂದದ್ದು ನಾನು ಕಾಯದೆ ಇದ್ದಾಗ. ಸೆಖೆಯ ದಿನ. ಶಾಲೆಯಲ್ಲಿ ಅನ್ನದ ಪಾತ್ರೆಯನ್ನು ಇಬ್ಬರೂ ಆಚೀಚೆ ಹಿಡಿದು ಒಲೆಯಿಂದ ಇಳಿಸುತ್ತಿದ್ದೆವು. ಹಬೆ ಮುಖಕ್ಕೆ ಹೊಡೆಯಿತು, ಹಣೆಯಿಂದ ಬೆವರು ಇಳಿದು ಮೇಲ್ದುಟಿಗೆ ಬಂತು. ಕೈ ಎರಡೂ ಪಾತ್ರೆಯಲ್ಲಿದ್ದವು, ಒರೆಸಿಕೊಳ್ಳಲು ಆಗಲಿಲ್ಲ. ನಾಲಿಗೆ ತಾನಾಗಿಯೇ ಹೊರಗೆ ಬಂದು ನೆಕ್ಕಿತು.

ಉಪ್ಪು.

ಪಾತ್ರೆ ಇಳಿಸಿ ಅಲ್ಲೇ ನಿಂತೆ.

'ಎಂತ ಆತೇ? ಕೈ ಸುಟ್ಕೊಂಡ್ಯಾ?'

'ಉಪ್ಪು' ಎಂದೆ.

'ಹಾಕಿದೀನಿ ಮಾರಾಯ್ತಿ! ನೀ ಮತ್ತೆ ಹಾಕ್ಬೇಡ, ಮಕ್ಳು ಸಾಯ್ತಾವೆ!' ಎಂದು ಅವಳು ಉಪ್ಪಿನ ಡಬ್ಬಿಯನ್ನು ಎತ್ತಿ ಸೆರಗಿನ ಹಿಂದೆ ಇಟ್ಟುಕೊಂಡಳು.

ನನಗೆ ಅವಳಿಗೆ ವಿವರಿಸಲು ಆಗಲಿಲ್ಲ. ಹಿಂದಿನ ಬಾಗಿಲಿಗೆ ಹೋಗಿ ನಿಂತೆ. ಮೊಣಕೈಯ ಬೆವರು ನೆಕ್ಕಿ ನೋಡಿದೆ, ಅಲ್ಲಿಯೂ ಉಪ್ಪು. ಇಷ್ಟು ತಿಂಗಳು ನಾನು ಉಪ್ಪು ಬಿಟ್ಟಿದ್ದೆ, ಅದು ನನ್ನನ್ನು ಬಿಟ್ಟಿರಲಿಲ್ಲ. ನಾನು ಬಾಚಣಿಗೆ ಹಿಡಿದು ಕೂತಿದ್ದಾಗಲೂ ಮೈ ಅದನ್ನು ಒಳಗೆ ಎಲ್ಲೋ ಕಾಪಾಡಿಕೊಂಡು, ನನ್ನನ್ನು ಕೇಳದೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಆ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ಯಾರದೋ ಕೈ ಎಂಬಂತೆ ನೋಡಿದೆ. ದೇವಸ್ಥಾನದಲ್ಲೂ ನನಗೆ ಅಷ್ಟು ಕೈಮುಗಿಯಬೇಕೆನಿಸಿಲ್ಲ.

ಮಾರನೆಯ ದಿನ ಅದು ಇರಲಿಲ್ಲ. ಆಮೇಲೆ ಒಂದು ದಿನ ಮಜ್ಜಿಗೆಯಲ್ಲಿ ಬಂತು, ಮತ್ತೆ ಹೋಯಿತು. ನಮ್ಮೂರಿನ ಮೊಬೈಲ್ ಸಿಗ್ನಲ್ಲಿನ ಹಾಗೆ, ಅಂಗಳದ ಒಂದು ಮೂಲೆಯಲ್ಲಿ ಸಿಕ್ಕಿದ್ದು ಇನ್ನೊಂದರಲ್ಲಿ ಇಲ್ಲ. ಹೀಗೇ ಆಗುತ್ತದೆ, ಬಿಡಬೇಡಿ ಎಂದರು ಡಾಕ್ಟರು. ಬಿಡಲಿಲ್ಲ. ಇವತ್ತಿಗೂ ಮಾತ್ರೆ ನುಂಗುತ್ತಿದ್ದೇನೆ. ಈಗ ಪ್ರಮಾಣ ಕಡಿಮೆ ಮಾಡಿದ್ದಾರೆ. ಅಕ್ಕ ಇಲ್ಲದ್ದು ಕಡಿಮೆಯಾಗಿಲ್ಲ, ಅದಕ್ಕೆ ಮಾತ್ರೆ ಇಲ್ಲ, ಇರಬೇಕೆಂದೂ ನನಗೆ ಅನಿಸುವುದಿಲ್ಲ. ಈಗ ಅಳು ಬರುತ್ತದೆ. ಬಂದರೆ ಅಳುತ್ತೇನೆ.

ಒಂದು ಸಂಜೆಯ ವಿಷಯ ಹೇಳಿ ಮುಗಿಸುತ್ತೇನೆ. ಅತ್ತೆ ದೀಪ ಹಚ್ಚಿ, ಬಸಳೆಯ ಹುಳಿ ಮಾಡಿ ಬಡಿಸಿದ್ದರು. ನಾಲ್ವರೂ ಕೂತಿದ್ದೆವು. ನಾನು ಎಂದಿನಂತೆ ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಬಸಳೆಯ ಲೋಳೆ ಗೊತ್ತಾಯಿತು, ಹುಣಸೆ ಗೊತ್ತಾಯಿತು, ಕಾಯಿಯ ಸಿಹಿ ಗೊತ್ತಾಯಿತು. ಅವುಗಳ ನಡುವೆ ಏನೋ ಇಲ್ಲ. ಇನ್ನೊಂದು ತುತ್ತು ತೆಗೆದುಕೊಂಡೆ. ಇಲ್ಲ. ಅದು ನನ್ನ ಬಾಯಿಯದಲ್ಲ, ಹುಳಿಯದು. ಇಷ್ಟು ಕಾಲದ ಮೇಲೆ ನನ್ನ ಸಪ್ಪೆಯೂ ಅಡುಗೆಯ ಸಪ್ಪೆಯೂ ಬೇರೆ ಬೇರೆಯಾಗಿ ನಿಂತಿದ್ದವು.

'ಅತ್ತೆ' ಎಂದೆ. 'ಹುಳಿಗೆ ರುಚಿ ಕಡಿಮೆ ಆಗಿದೆ.'

ನನ್ನ ಗಂಡ ತುತ್ತು ಹಿಡಿದ ಕೈಯನ್ನು ಅಲ್ಲಿಯೇ ನಿಲ್ಲಿಸಿದ್ದರು. ಅಷ್ಟರಲ್ಲಿ ಆ ಕಡೆಯಿಂದ ಭಾವನ ದನಿ ಬಂತು. 'ಸದ್ಯ! ಯಾರಾದ್ರೂ ಹೇಳಿದ್ರಲ್ಲ! ಎಷ್ಟು ಕಾಲ ಆತು ಮಾರಾಯ್ತಿ ಈ ಹುಲ್ಲು ತಿಂತಾ ಇರೋದು. ಕೊಟ್ಟಿಗೆಯ ದನ ನಮ್ಮನ್ನ ನೋಡಿ ಅಯ್ಯೋ ಪಾಪ ಅಂತಾವೆ!'

ಆಗ ವಿಷಯ ಹೊರಬಿತ್ತು. ಉಪ್ಪು ಬಿಟ್ಟ ನಾಲಿಗೆಗೆ ಒಮ್ಮೆಲೇ ಪೂರ್ತಿ ಹಾಕಿದರೆ ಸುಡುತ್ತದೆ ಎಂಬುದು ಅತ್ತೆಯ ನಂಬಿಕೆ. ಅದಕ್ಕೆ ನಾನು ಎಲ್ಲರ ಜೊತೆ ಉಣ್ಣಲು ಕೂತಂದಿನಿಂದ ಇಡೀ ಮನೆಯ ಅಡುಗೆಗೆ ಚೂರೇ ಚೂರು ಹಾಕುತ್ತಿದ್ದರು. ಮೇಲೆ ಹಾಕಿಕೊಳ್ಳುವುದಕ್ಕೂ ಬಿಟ್ಟಿರಲಿಲ್ಲ. 'ಅವ್ಳ ಎದುರು ನೀವು ಹಾಕ್ಕೊಂಡ್ರೆ ಅವ್ಳಿಗೆ ಹೆಂಗಾಗ್ಬೇಕು?' ಎಂದು ಉಪ್ಪಿನ ಮರಿಗೆಯನ್ನೇ ಒಳಗಿಟ್ಟಿದ್ದರಂತೆ. ಗದ್ದೆಯಲ್ಲಿ ದುಡಿದು ಬಂದ ಇಬ್ಬರು ಗಂಡಸರು, ಈ ಮುದುಕಿ, ದಿನಾ ನನ್ನ ಪಕ್ಕದಲ್ಲಿ ಕೂತು ಆ ಸಪ್ಪೆಯನ್ನು ಉಂಡು ಎದ್ದಿದ್ದರು. ಒಬ್ಬರೂ ಉಸಿರೆತ್ತಿರಲಿಲ್ಲ. ನನಗೆ ಗೊತ್ತಾಗುವಂತಿರಲಿಲ್ಲ, ಅವರಿಗೆ ಹೇಳುವಂತಿರಲಿಲ್ಲ. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಇವರ ಜೊತೆಯಲ್ಲೇ ನಾನು ಇಷ್ಟು ವರ್ಷ ಇದ್ದೇನೆ, ಇವರನ್ನು ಈಗ ನೋಡುತ್ತಿದ್ದೇನೆ ಎನಿಸಿತು.

ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದರು. ಭಾವ ಗೋಡೆಗೆ ಒರಗಿಸಿದ್ದ ಮಣೆಯ ಕಡೆ ತಿರುಗಿದರು. ಅದಕ್ಕೇ ಹೇಳುವವರ ಹಾಗೆ, ತಗ್ಗಿದ ದನಿಯಲ್ಲಿ, 'ಬಂತು ನೋಡೇ ನಿನ್ನ ನಾಲಿಗೆ' ಎಂದರು.

ಅತ್ತೆ ಕೈ ತೊಳೆದು ಮರಿಗೆ ತಂದು ಹುಳಿಯ ಪಾತ್ರೆಯ ಪಕ್ಕ ಇಟ್ಟರು. ಒಂದು ಚಿಟಿಕೆ ತೆಗೆದರು, ಸಾಲದೆಂದು ಇನ್ನೊಂದು ಚಿಟಿಕೆ ತೆಗೆದು, ಅಂಚಿನ ಉದ್ದಕ್ಕೂ ಸುತ್ತಿಸಿ ಬಿಟ್ಟರು. ಸೌಟು ಆಡಿಸಿ ನನ್ನ ಹತ್ತಿರ ತಂದರು.

'ನೋಡು' ಎಂದರು.

ನಾನು ಎಡಗೈಯ ಅಂಗೈಯನ್ನು ಗುಳಿ ಮಾಡಿ ಹಿಡಿದೆ.